ಕೀಹೋಲ್‌ನಲ್ಲಿ ಕಿಡ್ನಿ ಗೆಡ್ಡೆ ತೆಗೆಸೋದಾದ್ರೆ: ರಕ್ತ ಪೂರ್ತಿ ನಿಲ್ಲಿಸ್ಬೇಕಾ, ನಿಲ್ಲಿಸ್ಲೇಬಾರ್ದಾ, ಒಂದು ಭಾಗಕ್ಕೆ ಮಾತ್ರ ಸಾಕಾ?

ಕಿಡ್ನೀಲಿ ಗೆಡ್ಡೆ ಇದೆ, ಕೀಹೋಲ್ ಸರ್ಜರಿ ಮಾಡಿ ಗೆಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸ್ಬಹುದು ಅಂತ ಡಾಕ್ಟರ್ ಹೇಳಿದ ತಕ್ಷಣ ಜನ ಕೇಳೋದು ರೋಬೋಟಾ ಲ್ಯಾಪ್ರೋಸ್ಕೋಪಿನಾ ಅಂತ. ಸ್ವಲ್ಪ ಓದಿಕೊಂಡು ಬಂದವರು ಇನ್ನೊಂದು ಕೇಳ್ತಾರೆ, ಕ್ಲ್ಯಾಂಪ್ (ರಕ್ತನಾಳ ಒತ್ತಿ ಹಿಡಿಯೋ ಚಿಮುಟ) ಎಷ್ಟು ನಿಮಿಷ ಹಾಕ್ತೀರ, ಕ್ಲ್ಯಾಂಪ್ ಇಲ್ದೇನೆ ಮಾಡೋಕಾಗಲ್ವಾ ಅಂತ. ಎರಡನೇ ಪ್ರಶ್ನೆ ಒಳ್ಳೇದೇ, ಆದ್ರೆ ಅದೊಂದನ್ನೇ ಹಿಡ್ಕೊಂಡು ಕೂತ್ರೆ ಅದಕ್ಕಿಂತ ದೊಡ್ಡ ವಿಷಯ ತಪ್ಪಿ ಹೋಗತ್ತೆ: ಸರ್ಜರಿ ಮುಗಿದ ಮೇಲೆ ಎಷ್ಟು ಒಳ್ಳೆ ಕಿಡ್ನಿ ಉಳಿಯತ್ತೆ, ಉಳಿದಿದ್ದಕ್ಕೆ ರಕ್ತ ಸರಿಯಾಗಿ ಹೋಗತ್ತಾ ಅನ್ನೋದು. ಈ ಬರಹದಲ್ಲಿ ಇರೋ ಆಯ್ಕೆಗಳನ್ನ ಒಂದರ ಪಕ್ಕ ಒಂದು ಇಟ್ಟು, ಯಾವುದು ಯಾರಿಗೆ ಸರಿ ಅಂತ ನನಗೆ ಅನಿಸಿದ್ದನ್ನ ನೇರವಾಗಿ ಹೇಳ್ತೀನಿ. ನಿಮ್ಮ ಸ್ಕ್ಯಾನ್ ನೋಡಿರೋ ಯೂರಾಲಜಿಸ್ಟ್ ಮಾತೇ ಕೊನೆಗೆ ನಡೆಯೋದು, ಆದ್ರೆ ಅವರ ಮುಂದೆ ಕೂತಾಗ ಏನು ಕೇಳ್ಬೇಕು ಅಂತ ಗೊತ್ತಿರ್ಬೇಕಲ್ವಾ.

ಕಿಡ್ನಿಗೆ ಪೆಟ್ಟು ಬೀಳೋದು ಎಲ್ಲೆಲ್ಲಿಂದ

ಹೃದಯ ಪಂಪ್ ಮಾಡೋ ರಕ್ತದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗತ್ತೆ. ಅಷ್ಟು ರಕ್ತ ಹರಿಯೋ ಅಂಗಕ್ಕೆ ಕತ್ತರಿ ಹಾಕಿದ್ರೆ ಏನಾಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಅದಕ್ಕೇ ಮೇನ್ ಅಪಧಮನಿಗೆ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಿ, ಗೆಡ್ಡೆ ಕತ್ತರಿಸಿ, ಹೊಲಿಗೆ ಹಾಕಿ, ಕ್ಲ್ಯಾಂಪ್ ಬಿಡೋದು ಮೊದಲಿಂದ ಬಂದಿರೋ ಪದ್ಧತಿ. ದೇಹದ ಬಿಸಿಯಲ್ಲೇ ರಕ್ತ ಇಲ್ದೆ ಕಿಡ್ನಿ ಇರೋ ಆ ಹೊತ್ತಿಗೆ ವಾರ್ಮ್ ಇಸ್ಕೀಮಿಯಾ ಟೈಮ್ ಅಂತಾರೆ. ಕಿಡ್ನಿಯ ಒಳಭಾಗಕ್ಕೆ ಮಾಮೂಲಿ ದಿನಗಳಲ್ಲೂ ಆಕ್ಸಿಜನ್ ಅಷ್ಟಕ್ಕಷ್ಟೇ, ಆದ್ರೆ ಅಲ್ಲಿರೋ ನಳಿಕೆಗಳ ಕೆಲಸ ತುಂಬಾ ಶಕ್ತಿ ತಿನ್ನೋ ಕೆಲಸ, ಹಾಗಾಗಿ ರಕ್ತ ನಿಂತಾಗ ಮೊದಲು ಒದ್ದಾಡೋದು ಅವೇ. ರಕ್ತ ವಾಪಸ್ ಬಿಟ್ಟಾಗ್ಲೂ ಪೂರ್ತಿ ನೆಮ್ಮದಿ ಇಲ್ಲ, ಆ ಕ್ಷಣದಲ್ಲಿ ಹುಟ್ಟೋ ಆಕ್ಸಿಡೇಟಿವ್ ಸ್ಟ್ರೆಸ್ಸು ಉರಿಯೂತ ಎರಡೂ ಸೇರಿ ಇನ್ನೊಂದು ಸುತ್ತು ಪೆಟ್ಟು ಕೊಡತ್ತೆ.

ಇದು ಒಂದು ಬಗೆಯ ಹಾನಿ. ಎರಡನೇದು ಗೆಡ್ಡೆ ಜೊತೆಗೆ ಕತ್ತರಿಸಿ ಹೋಗೋ ಆರೋಗ್ಯವಾಗಿರೋ ಕಿಡ್ನಿ. ಮೂರನೇದನ್ನ ಪೇಷೆಂಟ್‌ಗಳು ಯಾರೂ ಕೇಳೋದೇ ಇಲ್ಲ, ಅದು ಹೊಲಿಗೆ. ಕಿಡ್ನಿ ಒಳಗಿನ ರಕ್ತನಾಳದ ಕವಲುಗಳು ಒಂದಕ್ಕೊಂದು ಸಹಾಯ ಮಾಡಲ್ಲ, ಒಂದು ಕವಲು ಮುಚ್ಚಿ ಹೋದ್ರೆ ಅದು ಸಾಕ್ತಿದ್ದ ಭಾಗಕ್ಕೆ ಪಕ್ಕದ ಕವಲು ಬಂದು ರಕ್ತ ಕೊಡಲ್ಲ, ಆ ಭಾಗ ಸತ್ತೇ ಹೋಗತ್ತೆ. ಹಾಗಾಗಿ ಆಳವಾಗಿ ಬಿಗಿಯಾಗಿ ಹಾಕಿದ ಒಂದು ಹೊಲಿಗೆ ಮಾಡೋ ನಷ್ಟ ಶಾಶ್ವತ, ಕ್ಲ್ಯಾಂಪ್ ಹತ್ತು ನಿಮಿಷ ಜಾಸ್ತಿ ಇದ್ದಿದ್ದಕ್ಕಿಂತ ಕೆಟ್ಟದ್ದಾಗ್ಬಹುದು.

ನಿಮಿಷದ ಲೆಕ್ಕ ಎಲ್ಲಿಂದ ಬಂತು, ಈಗ ಎಲ್ಲಿದೆ

2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಮತ್ತು ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಡಾಕ್ಟರ್‌ಗಳು ಒಂದೇ ಕಿಡ್ನಿ ಇರೋ ಪೇಷೆಂಟ್‌ಗಳ ದಾಖಲೆ ಸೇರಿಸಿ ನೋಡಿ, ಕ್ಲ್ಯಾಂಪ್ ಇದ್ದ ಪ್ರತಿ ನಿಮಿಷಕ್ಕೂ ತೊಂದರೆ ಏರ್ತಾ ಹೋಗತ್ತೆ, 25 ನಿಮಿಷದ ಮೇಲೆ ಇನ್ನೂ ಕಷ್ಟ ಅಂದ್ರು. ಆ ಮಾತು ಎಷ್ಟು ಹಬ್ತು ಅಂದ್ರೆ ಸರ್ಜನ್‌ಗಳೆಲ್ಲ ಗಡಿಯಾರ ನೋಡ್ಕೊಂಡೇ ಆಪರೇಷನ್ ಮಾಡೋ ಹಾಗಾಯ್ತು. ಆದ್ರೆ ಎರಡು ವರ್ಷದಲ್ಲಿ ಅದೇ ಗುಂಪು ಇನ್ನೆರಡು ವಿಷಯ ಸೇರಿಸಿ ಮತ್ತೆ ನೋಡ್ತು, ಮೊದಲೇ ಕಿಡ್ನಿ ಎಷ್ಟು ಚೆನ್ನಾಗಿತ್ತು, ಆಮೇಲೆ ಎಷ್ಟು ಶೇಕಡ ಉಳೀತು ಅಂತ. ಇವೆರಡನ್ನ ಲೆಕ್ಕಕ್ಕೆ ತಗೊಂಡಾಗ ಒಂದೊಂದು ನಿಮಿಷದ ತೂಕ ಬಹಳ ಇಳೀತು, 25 ನಿಮಿಷ ದಾಟಿದವರಲ್ಲಿ ಮಾತ್ರ ಅಪಾಯ ಎದ್ದು ಕಾಣ್ತಾನೇ ಇತ್ತು. 2013ರಲ್ಲಿ ಇನ್ನೊಂದು ಅಧ್ಯಯನ ಬಂತು, 40 ಪೇಷೆಂಟ್‌ಗಳಲ್ಲಿ ಕ್ಲ್ಯಾಂಪ್ ಇದ್ದಾಗ್ಲೇ ಮತ್ತೆ ಮತ್ತೆ ಬಯಾಪ್ಸಿ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು, 30 ನಿಮಿಷ ದಾಟಿದ ಕಿಡ್ನಿಗಳಲ್ಲೂ ಬದಲಾವಣೆ ಭಯಪಟ್ಟಷ್ಟು ಇರ್ಲಿಲ್ಲ.

ಹಾಗಂತ ನಿಮಿಷ ಲೆಕ್ಕಕ್ಕೇ ಇಲ್ಲ ಅಂತ ಅಲ್ಲ. 25 ನಿಮಿಷದೊಳಗೆ ಮುಗಿದ್ರೆ ಒಳ್ಳೇದು, ಅದರ ಮೇಲೆ ಹೋಗೋ ಹಾಗಿದ್ರೆ ಕಿಡ್ನಿ ತಂಪು ಮಾಡೋ ಯೋಚನೆ ಇರ್ಬೇಕು. ಆದ್ರೆ 14 ನಿಮಿಷಾನಾ 19 ನಿಮಿಷಾನಾ ಅಂತ ಇಬ್ಬರು ಸರ್ಜನ್‌ಗಳನ್ನ ತೂಗಿ ನೋಡೋದ್ರಲ್ಲಿ ಅರ್ಥ ಇಲ್ಲ.

ಮೊದಲು, ಈ ಸರ್ಜರಿ ಬೇಕೇ ಬೇಕಾ?

ಕಿಡ್ನಿಗೆ ಎಲ್ಲಕ್ಕಿಂತ ಕಮ್ಮಿ ಹಾನಿ ಮಾಡೋ ಸರ್ಜರಿ ಅಂದ್ರೆ ಮಾಡದೇ ಇರೋ ಸರ್ಜರಿ, ಇದನ್ನ ಯಾರಾದ್ರೂ ಮೊದಲೇ ಹೇಳ್ಬೇಕು. 4 ಸೆಂ.ಮೀ. ಒಳಗಿರೋ ಗೆಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ರೇ ಆಗಿರಲ್ಲ, ಕ್ಯಾನ್ಸರ್ ಆಗಿದ್ರೂ ಬಹಳಷ್ಟು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಅಷ್ಟೇ ಬೆಳೆಯತ್ತೆ. ವಯಸ್ಸಾಗಿದೆ, ಹೃದಯದ ತೊಂದರೆ ಇದೆ, ಗೆಡ್ಡೆ ಚಿಕ್ಕದು ಅನ್ನೋರಿಗೆ ಆಗಾಗ ಸ್ಕ್ಯಾನ್ ಮಾಡಿಸ್ತಾ ಕಾಯೋದು ಹೆದರಿ ಮುಂದೂಡೋದಲ್ಲ, ಅದೂ ಒಂದು ಚಿಕಿತ್ಸೇನೇ. ಅನುಮಾನ ಇದ್ರೆ ಸೂಜಿ ಬಯಾಪ್ಸಿ ಕೇಳಿ. 3 ಸೆಂ.ಮೀ. ಒಳಗಿನ ಗೆಡ್ಡೆಗೆ ಚರ್ಮದ ಮೂಲಕ ಸೂಜಿ ಹಾಕಿ ಹೆಪ್ಪುಗಟ್ಟಿಸೋ ಕ್ರಯೋ ಅಥವಾ ಸುಡೋ ರೇಡಿಯೋಫ್ರೀಕ್ವೆನ್ಸಿ, ಮೈಕ್ರೋವೇವ್ ಇವೆ, ಇವುಗಳಲ್ಲಿ ಕ್ಲ್ಯಾಂಪೂ ಇಲ್ಲ ಹೊಲಿಗೇನೂ ಇಲ್ಲ, ಬದಲಿಗೆ ಅದೇ ಜಾಗದಲ್ಲಿ ಗೆಡ್ಡೆ ಮತ್ತೆ ಕಾಣಿಸ್ಕೊಳ್ಳೋ ಸಾಧ್ಯತೆ ಸರ್ಜರಿಗಿಂತ ಜಾಸ್ತಿ, ಕೆಲವರಿಗೆ ಎರಡನೇ ಸಲ ಮಾಡ್ಬೇಕಾಗತ್ತೆ.

ಇನ್ನೊಂದು ತುದೀಲಿ ಕಿಡ್ನಿ ಪೂರ್ತಿ ತೆಗೆಯೋದು. 2006ರಲ್ಲಿ ಬಂದ ನ್ಯೂಯಾರ್ಕ್‌ನ ಅಧ್ಯಯನ ಒಂದರಲ್ಲಿ 4 ಸೆಂ.ಮೀ. ಅಥವಾ ಅದಕ್ಕಿಂತ ಚಿಕ್ಕ ಗೆಡ್ಡೆ ಇದ್ದ 662 ಜನರನ್ನ ನೋಡಿದಾಗ, ಕಿಡ್ನಿ ಕೆಲಸ ತೋರ್ಸೋ ರಕ್ತಪರೀಕ್ಷೆ ಕ್ರಿಯಾಟಿನಿನ್ ನಾರ್ಮಲ್ ಅಂತ ಇದ್ದವರಲ್ಲೇ ಸುಮಾರು 26% ಜನಕ್ಕೆ ಮೊದಲೇ, ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸತ್ತೆ ಅಂತ ಅಂದಾಜು ಹೇಳೋ ಇ-ಜಿಎಫ್‌ಆರ್ 60ಕ್ಕಿಂತ ಕೆಳಗಿತ್ತು. ಮೂರು ವರ್ಷದ ಹೊತ್ತಿಗೆ ಇ-ಜಿಎಫ್‌ಆರ್ 60ರ ಕೆಳಗೆ ಬೀಳದೇ ಉಳಿಯೋ ಸಂಭವ ಗೆಡ್ಡೆ ಮಾತ್ರ ತೆಗೆದವರಲ್ಲಿ 80%, ಇಡೀ ಕಿಡ್ನಿ ತೆಗೆದವರಲ್ಲಿ 35%. ವ್ಯತ್ಯಾಸ ಅಷ್ಟು ದೊಡ್ಡದು. ಆದ್ರೆ ಇದರ ಇನ್ನೊಂದು ಮುಖಾನೂ ಹೇಳ್ಬೇಕು. ಯುರೋಪಿನ ಇಒಆರ್‌ಟಿಸಿ ಅನ್ನೋ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಡೆಸಿದ, 541 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ ರ್‍ಯಾಂಡಮ್ ಟ್ರಯಲ್‌ನಲ್ಲಿ ಕಿಡ್ನಿ ಉಳಿಸಿದವರ ಕಿಡ್ನಿ ಚೆನ್ನಾಗಿ ಉಳೀತು, ಆದ್ರೆ ಅದರಿಂದ ಆಯಸ್ಸು ಹೆಚ್ಚಾಗ್ಲಿಲ್ಲ, ಹತ್ತು ವರ್ಷದ ಲೆಕ್ಕ ಪೂರ್ತಿ ತೆಗೆಸಿಕೊಂಡವರ ಕಡೆಗೇ ಸ್ವಲ್ಪ ವಾಲಿತ್ತು. ಆ ಟ್ರಯಲ್‌ಗೆ ಅದರದ್ದೇ ಕೊರತೆಗಳಿವೆ. ನಾನು ಅದರಿಂದ ತಗೊಳ್ಳೋದು ಇಷ್ಟು: ಇನ್ನೊಂದು ಕಿಡ್ನಿ ಗಟ್ಟಿಯಾಗಿದ್ದು ಗೆಡ್ಡೆ ಬಹಳ ಕಷ್ಟದ ಜಾಗದಲ್ಲಿದ್ರೆ, ಪೂರ್ತಿ ತೆಗೆಯೋಣ ಅಂತ ಸರ್ಜನ್ ಹೇಳಿದ್ದನ್ನ ಸೋಲು ಅಂದ್ಕೋಬೇಡಿ. ಒಂದೇ ಕಿಡ್ನಿ ಇರೋರು, ಎರಡೂ ಕಡೆ ಗೆಡ್ಡೆ ಇರೋರು, ಮೊದಲೇ ಕಿಡ್ನಿ ಕುಂದಿರೋರು, ಶುಗರ್ ಬಿಪಿ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗ್ತಿರೋರು, ಇವರಿಗೆ ಮಾತ್ರ ಉಳಿಸೋಕೆ ಎಷ್ಟು ಪ್ರಯತ್ನ ಪಟ್ರೂ ಸಾಲದು.

ಈಗ ಕ್ಲ್ಯಾಂಪ್ ವಿಷಯ

ಪೂರ್ತಿ ಕ್ಲ್ಯಾಂಪ್ ಹಾಕೋದರ ದೊಡ್ಡ ಲಾಭ ಸರ್ಜನ್‌ಗೆ ಕಣ್ಣಿಗೆ ಕಾಣೋದು. ರಕ್ತ ಇಲ್ದೇ ಇರೋ ಜಾಗದಲ್ಲಿ ಗೆಡ್ಡೆ ಎಲ್ಲಿ ಮುಗಿಯತ್ತೆ ಒಳ್ಳೆ ಕಿಡ್ನಿ ಎಲ್ಲಿ ಶುರುವಾಗತ್ತೆ ಅನ್ನೋ ಗೆರೆ ಸ್ಪಷ್ಟವಾಗಿ ಕಾಣತ್ತೆ, ತೆಳುವಾಗಿ ಕತ್ತರಿಸ್ಬಹುದು, ಕಿಡ್ನಿ ಒಳಗಿನ ಮೂತ್ರದ ನಾಳ ಒಡೆದಿದ್ಯಾ ನೋಡಿ ಅದನ್ನೇ ಹೊಲಿಯಬಹುದು. ಕಾಣದೇ ಇದ್ದಾಗ ಸರ್ಜನ್ ಸೇಫ್ ಇರ್ಲಿ ಅಂತ ದಪ್ಪಗೆ ಕತ್ತರಿಸ್ತಾರೆ, ಆಳವಾಗಿ ಹೊಲೀತಾರೆ, ಅಲ್ಲಿಗೆ ಕ್ಲ್ಯಾಂಪ್ ಬಿಟ್ಟು ಉಳಿಸಿದ್ದು ಬೇರೆ ಕಡೆ ಕಳ್ಕೊಂಡ ಹಾಗಾಯ್ತು. ಎರಡು ಕಿಡ್ನಿ ಚೆನ್ನಾಗಿರೋ ವ್ಯಕ್ತಿಗೆ, 20 ನಿಮಿಷದ ಸುತ್ತಮುತ್ತ ಮುಗಿಸೋ ಕೈ ಇದ್ರೆ, ಪೂರ್ತಿ ಕ್ಲ್ಯಾಂಪ್‌ಗೆ ಹೆದರೋ ಅಗತ್ಯಾನೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇದ್ರಲ್ಲಿ ಒಂದು ಸಣ್ಣ ವಿಷಯ, ಅಪಧಮನಿಗೆ ಮಾತ್ರ ಕ್ಲ್ಯಾಂಪ್ ಹಾಕಿ ಅಭಿಧಮನಿ ಬಿಟ್ರೆ ಹಿಂದಿನಿಂದ ಸ್ವಲ್ಪ ರಕ್ತ ಸಿಗತ್ತೆ ಅಂತ ಎಷ್ಟೋ ಸರ್ಜನ್‌ಗಳು ಹಾಗೇ ಮಾಡ್ತಾರೆ. ಆದ್ರೆ ಹಾಕೋದು ಬಿಡೋದು ಮತ್ತೆ ಹಾಕೋದು ಮಾಡಿದ್ರೆ ಕಿಡ್ನಿಗೆ ಪ್ರತಿ ಸಲಾನೂ ಹೊಸದಾಗಿ ಪೆಟ್ಟು ಬೀಳತ್ತೆ, ಅದು ಬೇಡ.

ಇದರದ್ದೇ ಸುಧಾರಿಸಿದ ರೂಪ ಬೇಗ ಕ್ಲ್ಯಾಂಪ್ ಬಿಡೋದು. ಗೆಡ್ಡೆ ತೆಗೆದು ಒಳಗಿನ ಪದರ ಹೊಲಿದ ಕೂಡಲೇ ಕ್ಲ್ಯಾಂಪ್ ಬಿಟ್ಟು, ಹೊರಗಿನ ಕೆಲಸ ರಕ್ತ ಹರೀತಾ ಇರೋವಾಗ್ಲೇ ಮುಗಿಸ್ತಾರೆ. ರಕ್ತ ಇಲ್ಲದ ಸಮಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ, ಜೊತೆಗೆ ಯಾವ ನಾಳದಿಂದ ರಕ್ತ ಬರ್ತಿದೆ ಅಂತ ಕಂಡು ಅಲ್ಲಿಗೆ ಮಾತ್ರ ಹೊಲಿಗೆ ಹಾಕ್ಬಹುದು. ಆಪರೇಷನ್ ಟೇಬಲ್ ಮೇಲೆ ರಕ್ತ ಸ್ವಲ್ಪ ಜಾಸ್ತಿ ಹೋಗ್ಬಹುದು ಅಷ್ಟೇ. ಬಹುತೇಕರಿಗೆ ಹೊಂದೋ ಒಂದೇ ಒಂದು ಆಯ್ಕೆ ಹೇಳು ಅಂದ್ರೆ ನಾನು ಇದನ್ನೇ ಹೇಳ್ತೀನಿ, ಯಾಕಂದ್ರೆ ಕತ್ತರಿಸೋವಾಗ ಬೇಕಾದ ಸ್ಪಷ್ಟತೇನೂ ಸಿಗತ್ತೆ, ಹೊಲಿಯೋವಾಗ ಬೇಕಾದ ಸುಳಿವೂ ಸಿಗತ್ತೆ.

ಕ್ಲ್ಯಾಂಪ್ ಹಾಕ್ಲೇಬಾರ್ದು ಅನ್ನೋ ಆಫ್-ಕ್ಲ್ಯಾಂಪ್ ಪದ್ಧತಿ ಕೇಳೋಕೆ ಎಲ್ಲಕ್ಕಿಂತ ಚೆಂದ. ಝೀರೋ ಇಸ್ಕೀಮಿಯಾ ಅನ್ನೋ ಹೆಸರಲ್ಲಿ 2011ರ ಹೊತ್ತಿಗೆ ಅಮೆರಿಕದ ಯೂರಾಲಜಿ ಸರ್ಜನ್ ಇಂದರ್‌ಬೀರ್ ಗಿಲ್ ಮತ್ತವರ ತಂಡ ಇದಕ್ಕೆ ದೊಡ್ಡ ಪ್ರಚಾರ ಕೊಡ್ತು, ಗೆಡ್ಡೆಗೆ ಹೋಗೋ ಸಣ್ಣ ಕವಲುಗಳನ್ನ ಬಿಡಿಸಿ ಹಿಡಿಯೋದು, ಶುರುವಿನಲ್ಲಿ ಬಿಪೀನೂ ಸ್ವಲ್ಪ ಹೊತ್ತು ಬೇಕಂತಲೇ ಇಳಿಸೋದು. ಹೊರಗಡೆ ಉಬ್ಬಿಕೊಂಡಿರೋ ಚಿಕ್ಕ ಗೆಡ್ಡೆಗೆ ಇದು ಸೊಗಸಾಗಿ ಆಗತ್ತೆ. ಪ್ರಶ್ನೆ ಇರೋದು ಎಲ್ಲರಿಗೂ ಲಾಭ ಇದ್ಯಾ ಅನ್ನೋದ್ರಲ್ಲಿ. ಇಟಲಿಯಲ್ಲಿ ಹಲವು ಆಸ್ಪತ್ರೆಗಳು ಸೇರಿ ಕ್ಲಾಕ್ ಅನ್ನೋ ಟ್ರಯಲ್ ಮಾಡಿದ್ವು, ರೋಬೋಟಿಕ್ ಸರ್ಜರಿ, 300ಕ್ಕೂ ಜಾಸ್ತಿ ಜನ, ಎರಡು ಕಿಡ್ನಿ ಇದ್ದು ಕೆಲಸ ನಾರ್ಮಲ್ ಇದ್ದೋರು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಕ್ಲ್ಯಾಂಪ್ ಇನ್ನೊಂದಕ್ಕೆ ಇಲ್ಲ. ಆರು ತಿಂಗಳ ಮೇಲೆ ಕಿಡ್ನಿ ಕೆಲಸದಲ್ಲಿ ಗುರುತಿಸೋ ಅಂಥ ವ್ಯತ್ಯಾಸ ಸಿಗ್ಲಿಲ್ಲ. ಅದಕ್ಕಿಂತ ಗಮನಿಸ್ಬೇಕಾದ್ದು, ಕ್ಲ್ಯಾಂಪ್ ಬೇಡ ಅಂತ ಬಂದ ಗುಂಪಲ್ಲೇ ಸಾಕಷ್ಟು ಜನಕ್ಕೆ ಮಧ್ಯದಲ್ಲಿ ಕ್ಲ್ಯಾಂಪ್ ಹಾಕ್ಬೇಕಾಯ್ತು. ಅಂದ್ರೆ ಆಫ್-ಕ್ಲ್ಯಾಂಪ್ ಮಾಡ್ತೀನಿ ಅಂತ ಒಪ್ಕೊಂಡ ಸರ್ಜನ್ ಕೂಡ ಮೇನ್ ಅಪಧಮನೀನ ಮೊದಲೇ ಬಿಡಿಸಿ ಇಟ್ಕೊಂಡಿರ್ಬೇಕು, ರಕ್ತ ಜೋರಾದ್ರೆ ಹಿಡಿಯೋಕೆ. ಇದನ್ನ ನೇರವಾಗಿ ಕೇಳಿ. ಕ್ಲಾಕ್ ಟ್ರಯಲ್ ಒಂದೇ ಕಿಡ್ನಿ ಇರೋರ ಬಗ್ಗೆ ಏನೂ ಹೇಳಲ್ಲ ಅನ್ನೋದನ್ನೂ ಮರೀಬೇಡಿ, ಅವರಿಗೆ ಆಫ್-ಕ್ಲ್ಯಾಂಪ್ ಇವತ್ತಿಗೂ ಒಳ್ಳೆ ವಾದ ಇರೋ ಆಯ್ಕೇನೇ.

ಮಧ್ಯದ ದಾರಿ ಸೆಲೆಕ್ಟಿವ್ ಕ್ಲ್ಯಾಂಪ್. ಇಡೀ ಮನೆಯ ನೀರಿನ ಮೇನ್ ವಾಲ್ವ್ ಮುಚ್ಚದೆ ಒಂದು ಬಚ್ಚಲಿನ ವಾಲ್ವ್ ಮಾತ್ರ ಮುಚ್ಚೋ ಹಾಗೆ, ಗೆಡ್ಡೆ ಇರೋ ಭಾಗಕ್ಕೆ ಹೋಗೋ ಕವಲನ್ನ ಮಾತ್ರ ಹಿಡಿಯೋದು. ಸರಿಯಾದ ಕವಲೇನಾ ಅಂತ ನೋಡೋಕೆ ಇಂಡೋಸಯನಿನ್ ಗ್ರೀನ್ ಅನ್ನೋ ಬಣ್ಣವನ್ನ ರಕ್ತನಾಳಕ್ಕೆ ಕೊಡ್ತಾರೆ, ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ರಕ್ತ ಹೋಗ್ತಿರೋ ಭಾಗ ಹಸಿರಾಗಿ ಹೊಳೆಯತ್ತೆ, ನಿಂತ ಭಾಗ ಕಪ್ಪಾಗಿರತ್ತೆ. ಈ ಬಣ್ಣ ಹೊರಗೆ ಹೋಗೋದು ಲಿವರ್ ಮೂಲಕ, ಕಿಡ್ನಿಗೆ ಅದರ ಹೊರೆ ಇಲ್ಲ. ಆದ್ರೆ ಅದ್ರಲ್ಲಿ ಅಯೋಡೈಡ್ ಇರೋದ್ರಿಂದ ಆ ಅಲರ್ಜಿ ಇದ್ರೆ ಮೊದಲೇ ಹೇಳ್ಬಿಡಿ. ಇದರ ಬೆಲೆ ಏನು ಅಂದ್ರೆ ಕಿಡ್ನಿಯ ಬಾಗಿಲಲ್ಲಿ ಸಣ್ಣ ಸಣ್ಣ ನಾಳಗಳ ಮಧ್ಯ ಕೈ ಹಾಕ್ಬೇಕು, ಸಮಯ ಜಾಸ್ತಿ, ಒಂದು ಕವಲು ಹರಿದ್ರೆ ಆ ಭಾಗ ಪೂರ್ತಿ ಹೋಯ್ತು. ಸರ್ಜರಿಗೆ ಮುಂಚೆ ಅಪಧಮನಿಗಳನ್ನ ಸ್ಪಷ್ಟವಾಗಿ ತೋರ್ಸೋ ಸಿಟಿ ಆಂಜಿಯೋ ಇಲ್ದೆ ಇದಕ್ಕೆ ಇಳಿಯೋದು ಸರಿಯಲ್ಲ. ಮೇಲಿನ ಅಥವಾ ಕೆಳಗಿನ ತುದೀಲಿ ಗೆಡ್ಡೆ ಇದ್ದು ಆ ತುದಿಗೆ ಬೇರೆ ಕವಲು ಸಲೀಸಾಗಿ ಸಿಗೋ ಹಾಗಿದ್ರೆ ನನಗೆ ಇದು ಇಷ್ಟ, ನಡುಮಧ್ಯ ಹುದುಗಿರೋ ಗೆಡ್ಡೆಗೆ ಇದಕ್ಕೆ ಹಠ ಹಿಡಿಯೋದು ಬೇಡ.

ಕೊನೇದು ತಂಪು ಮಾಡೋದು. ಕಿಡ್ನಿ 20 ಡಿಗ್ರಿ ಹತ್ರ ಇಳಿದ್ರೆ ಜೀವಕೋಶಗಳು ಕೇಳೋ ಆಕ್ಸಿಜನ್ ಬಹಳ ಕಮ್ಮಿ ಆಗತ್ತೆ, ಬಿಸೀಲಿ 25 ನಿಮಿಷ ಇರೋ ಗಡಿ ತಂಪಲ್ಲಿ ಒಂದು ಗಂಟೆವರೆಗೂ ಹೋಗತ್ತೆ. ತೆರೆದ ಸರ್ಜರೀಲಿ ಇದು ಸುಲಭ, ಕಿಡ್ನಿ ಸುತ್ತ ಪುಡಿ ಐಸ್ ತುಂಬಿ ಹತ್ತು ನಿಮಿಷ ಕಾಯ್ತಾರೆ. ಕೀಹೋಲ್‌ನಲ್ಲಿ ಪೋರ್ಟ್ ಮೂಲಕ ಐಸ್ ಸ್ಲಶ್ ಒಳಗೆ ತಳ್ಳೋ ವಿಧಾನಗಳಿವೆ, ಕೆಲವೇ ಸೆಂಟರ್‌ಗಳಲ್ಲಿ ಅಭ್ಯಾಸ ಇರತ್ತೆ. ಹಾಗಾಗಿ ಗೆಡ್ಡೆ ದೊಡ್ಡದು, ಆಳದಲ್ಲಿದೆ, ಒಂದೇ ಕಿಡ್ನಿ, 30 ನಿಮಿಷಕ್ಕಿಂತ ಜಾಸ್ತಿ ಬೇಕಾಗ್ಬಹುದು ಅಂತಿದ್ರೆ, ಸರ್ಜನ್ ಕೀಹೋಲ್ ಬೇಡ ಓಪನ್ ಮಾಡೋಣ ಅಂದ್ರೆ ದಯವಿಟ್ಟು ಅದನ್ನ ಹಳೇ ಕಾಲದ ಯೋಚನೆ ಅಂತ ತಳ್ಳಿ ಹಾಕ್ಬೇಡಿ. ಹೊಟ್ಟೆ ಮೇಲಿನ ಗಾಯ ವಾಸಿಯಾಗತ್ತೆ, ಹೋದ ನೆಫ್ರಾನ್ (ರಕ್ತ ಸೋಸೋ ಕಿಡ್ನಿಯ ಸಣ್ಣ ಘಟಕ) ಮತ್ತೆ ಹುಟ್ಟಲ್ಲ.

ಕತ್ತರಿಸೋದ್ರಲ್ಲಿ ಮತ್ತು ಹೊಲಿಯೋದ್ರಲ್ಲಿ ಉಳಿಯೋದು

ನನ್ನ ಪ್ರಕಾರ ನಿಜವಾದ ಉಳಿತಾಯ ಇಲ್ಲೇ ಇರೋದು. ಹಿಂದೆ ಗೆಡ್ಡೆ ಸುತ್ತ ಒಂದು ಸೆಂ.ಮೀ. ಒಳ್ಳೆ ಕಿಡ್ನಿ ಸೇರಿಸಿ ತೆಗೀಬೇಕು ಅಂತಿತ್ತು, ಈಗ ಅಂಚಲ್ಲಿ ಕ್ಯಾನ್ಸರ್ ಇಲ್ದೇ ಇದ್ರೆ ಸಾಕು, ಅಂಚು ಎಷ್ಟು ದಪ್ಪ ಅನ್ನೋದು ಮುಖ್ಯ ಅಲ್ಲ ಅಂತ ಒಪ್ಪಿಗೆ ಆಗಿದೆ. ಗೆಡ್ಡೆಗೆ ಸುತ್ತ ಒಂದು ಪೊರೆ ಇದ್ರೆ ಅದರ ಗುಂಟಾನೇ ಬಿಡಿಸಿ ತೆಗೆಯೋ ಎನ್ಯೂಕ್ಲಿಯೇಷನ್‌ನಲ್ಲಿ ಒಳ್ಳೆ ಕಿಡ್ನಿ ಹೋಗೋದು ಅತೀ ಕಮ್ಮಿ, ರಕ್ತಾನೂ ಕಮ್ಮಿ, ಯಾಕಂದ್ರೆ ಆ ಪದರದಲ್ಲಿ ದೊಡ್ಡ ನಾಳಗಳು ಕಮ್ಮಿ. ವಂಶದಿಂದ ಬರೋ ತೊಂದರೆ ಇದ್ದು ಮತ್ತೆ ಮತ್ತೆ ಗೆಡ್ಡೆ ಬರೋರಿಗೆ ಇದೇ ಸರಿ. ಆದ್ರೆ ಅಂಚು ಅಂಕುಡೊಂಕಾಗಿ ಒಳಗೆ ಹಬ್ಬಿರೋ, ಸ್ಕ್ಯಾನ್‌ನಲ್ಲೇ ಆಕ್ರಮಣಕಾರಿ ಅನಿಸೋ ಗೆಡ್ಡೆಗೆ ತೆಳು ಅಂಚು ಇಟ್ಕೊಂಡು ತೆಗೆಯೋದೇ ಸೇಫು. ಕಿಡ್ನಿ ಉಳಿಸೋ ಆಸೇಲಿ ಕ್ಯಾನ್ಸರ್ ಉಳಿಸಿ ಬರೋ ಹಾಗಾಗ್ಬಾರ್ದು.

ಹೊಲಿಗೇಲಿ ಮಾಮೂಲಿ ಎರಡು ಪದರ. ಒಳಗಿನದು ಮೂತ್ರದ ನಾಳ ಮತ್ತೆ ರಕ್ತನಾಳ ಮುಚ್ಚೋಕೆ, ಹೊರಗಿನದು ಕಿಡ್ನಿಯ ಎರಡು ದಂಡೆ ಸೇರಿಸೋಕೆ. ಹೊರಗಿನ ಪದರದಲ್ಲಿ ದಪ್ಪ ದಾರ ಹಾಕಿ ಕ್ಲಿಪ್ಪಿಂದ ಎಳೆದು ಬಿಗಿ ಮಾಡಿದಾಗ ಅದರೊಳಗೆ ಸಿಕ್ಕಿದ ಒಳ್ಳೆ ಕಿಡ್ನೀನೂ ಉಸಿರುಗಟ್ಟತ್ತೆ. ಒಳಗಿನ ಪದರ ಮಾತ್ರ ಹಾಕಿ ಹೊರಗಿನದನ್ನ ಬಿಟ್ಟವರಲ್ಲಿ ಕಿಡ್ನಿ ಕೆಲಸ ಹೆಚ್ಚು ಉಳಿಯತ್ತೆ, ಆಯ್ದ ಕೇಸ್‌ಗಳಲ್ಲಿ ಮೂತ್ರ ಸೋರಿಕೆ ಅಥವಾ ರಕ್ತಸ್ರಾವ ಅದರಿಂದ ಏರಿದ ಹಾಗೆ ಕಾಣ್ಲಿಲ್ಲ ಅಂತ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದವರು ಹೇಳ್ತಾರೆ. ಮುಳ್ಳಿರೋ ದಾರ ಅಂತ ಬರತ್ತೆ, ಗಂಟು ಹಾಕೋ ಅಗತ್ಯ ಇಲ್ಲ, ಅದು ಬಂದ ಮೇಲೆ ಕ್ಲ್ಯಾಂಪ್ ಸಮಯಾನೂ ಇಳೀತು. ನೀವು ಸರ್ಜನ್‌ಗೆ ಕೇಳೋ ಪ್ರಶ್ನೇಲಿ ಒಂದೇ ಒಂದು ಆರಿಸ್ಕೊಳ್ಳಿ ಅಂದ್ರೆ, ಹೊರಗಿನ ಪದರದ ಹೊಲಿಗೆ ಎಲ್ಲರಿಗೂ ಹಾಕ್ತೀರಾ ಇಲ್ಲಾ ಬೇಕಾದವರಿಗೆ ಮಾತ್ರಾನಾ ಅಂತ ಕೇಳಿ. ಅದಕ್ಕೆ ಬರೋ ಉತ್ತರದಲ್ಲೇ ಅವರು ಇದರ ಬಗ್ಗೆ ಎಷ್ಟು ಯೋಚ್ನೆ ಮಾಡಿದ್ದಾರೆ ಅನ್ನೋದು ತಿಳಿಯತ್ತೆ.

ಔಷಧಿ, ಅನಸ್ತೇಷಿಯಾ

ಕ್ಲ್ಯಾಂಪ್ ಹಾಕೋ ಮುಂಚೆ ಮ್ಯಾನಿಟಾಲ್ ಅನ್ನೋ ಮೂತ್ರ ಹೆಚ್ಚಿಸೋ ಔಷಧಿ ಕೊಟ್ರೆ ಕಿಡ್ನಿ ಉಳಿಯತ್ತೆ ಅಂತ ದಶಕಗಳಿಂದ ಕೊಡ್ತಾ ಬಂದ್ರು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಸುಮಾರು 200 ಜನರ ಮೇಲೆ ರ್‍ಯಾಂಡಮ್ ಟ್ರಯಲ್ ಮಾಡಿದಾಗ, 12.5 ಗ್ರಾಂ ಮ್ಯಾನಿಟಾಲ್ ಕೊಟ್ಟವರಿಗೂ ಬರೀ ಸಲೈನ್ ಕೊಟ್ಟವರಿಗೂ ಆರು ತಿಂಗಳಲ್ಲಿ ವ್ಯತ್ಯಾಸ ಇರ್ಲಿಲ್ಲ, 2018ರಲ್ಲಿ ಅದು ಪ್ರಕಟ ಆಯ್ತು. ಕೊಡದಿದ್ರೆ ಚಿಂತೆ ಬೇಡ. ಇದಕ್ಕಿಂತ ಬಿಪಿ ಬೀಳದ ಹಾಗೆ ನೋಡ್ಕೊಳ್ಳೋದು, ದೇಹದಲ್ಲಿ ನೀರಿನಂಶ ಕಮ್ಮಿ ಆಗದ ಹಾಗೆ ನೋಡ್ಕೊಳ್ಳೋದು ನೂರು ಪಾಲು ಮುಖ್ಯ, ಇದನ್ನ ಮಾಡೋರು ಅನಸ್ತೇಷಿಯಾ ಡಾಕ್ಟರ್, ಅವರ ಹೆಸರೂ ನಮಗೆ ಎಷ್ಟೋ ಸಲ ಗೊತ್ತಿರಲ್ಲ. ಹೊಟ್ಟೆಗೆ ತುಂಬೋ ಗ್ಯಾಸ್‌ನ ಒತ್ತಡಾನೂ ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡತ್ತೆ, ಬಿಪಿ ಅಳೆಯೋ ಅಳತೇಲೇ (mmHg) ಅದು ಮಾಮೂಲಿ 12ರಿಂದ 15 ಇರತ್ತೆ, ಕಿಡ್ನಿ ಮೊದಲೇ ಕುಂದಿರೋರಲ್ಲಿ ಆದಷ್ಟು ಕಮ್ಮಿ ಇಟ್ರೆ ಒಳ್ಳೇದು. ಕ್ಲ್ಯಾಂಪ್ ಇಲ್ದೆ ಮಾಡೋವಾಗ ರಕ್ತ ತಡೆಯೋಕೆ ಇದೇ ಒತ್ತಡವನ್ನ ಸ್ವಲ್ಪ ಹೊತ್ತು ಏರಿಸೋದೂ ಉಂಟು.

ನಿಮ್ಮ ಕೈಯಲ್ಲೇ ಇರೋದು ಕೆಲವಿವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಸರ್ಜರಿ ಆಸುಪಾಸು ಬೇಡ, ಆಮೇಲೂ ಕೇಳದೆ ತಗೋಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ಸರ್ಜರಿಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸೋದು ರೂಢಿ. ಬಿಪಿಗೆ ರಾಮಿಪ್ರಿಲ್ ಟೆಲ್ಮಿಸಾರ್ಟನ್ ಥರದ್ದು ತಗೊಳ್ತಿದ್ರೆ ಆ ದಿನ ತಗೋಬೇಕಾ ಬೇಡ್ವಾ ಅಂತ ಕೇಳ್ಕೊಳ್ಳಿ. ಜೆಂಟಾಮೈಸಿನ್, ಅಮಿಕಾಸಿನ್ ಥರದ ಆಂಟಿಬಯಾಟಿಕ್ ಬೇರೆ ದಾರಿ ಇದ್ರೆ ಬೇಡ. ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಿಸಿದ ಮಾರನೇ ದಿನಾನೇ ಸರ್ಜರಿ ಇದ್ರೆ, ಕಿಡ್ನಿ ಕುಂದಿರೋರು ಒಂದೆರಡು ದಿನ ಬಿಟ್ಟು ಮಾಡಿಸೋಕಾಗತ್ತಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ರೋಬೋಟ್ ವಿಷಯ ಬೇಗ ಮುಗಿಸ್ತೀನಿ. ರೋಬೋಟ್‌ನಲ್ಲಿ ಸೂಜಿ ಮಣಿಕಟ್ಟಿನ ಹಾಗೆ ತಿರುಗೋದ್ರಿಂದ ಹೊಲಿಗೆ ಬೇಗ ಆಗತ್ತೆ, ಸರಾಸರಿ ನೋಡಿದ್ರೆ ಲ್ಯಾಪ್ರೋಸ್ಕೋಪಿಗಿಂತ ಕ್ಲ್ಯಾಂಪ್ ಸಮಯ ಕಮ್ಮಿ, ಕಷ್ಟದ ಗೆಡ್ಡೆಗಳಲ್ಲಿ ಈ ಅನುಕೂಲ ಜಾಸ್ತಿ ಕಾಣತ್ತೆ. ಆದ್ರೆ ಅಪರೂಪಕ್ಕೆ ರೋಬೋಟ್ ಮುಟ್ಟೋರಿಗಿಂತ ಲ್ಯಾಪ್ರೋಸ್ಕೋಪೀಲಿ ಇದೇ ಸರ್ಜರಿ ವರ್ಷವಿಡೀ ಮಾಡೋರು ವಾಸಿ. ಹೊಟ್ಟೆ ಕಡೆಯಿಂದ ಹೋಗೋದಾ ಬೆನ್ನ ಕಡೆಯಿಂದನಾ ಅನ್ನೋದು ಗೆಡ್ಡೆ ಎಲ್ಲಿದೆ ಅನ್ನೋದ್ರ ಮೇಲೆ ಹೋಗತ್ತೆ, ಅದನ್ನ ಅವರಿಗೇ ಬಿಡಿ.

ನಿಮ್ಮ ಪರಿಸ್ಥಿತಿಗೆ ಯಾವುದು

ಎರಡು ಕಿಡ್ನಿ ಚೆನ್ನಾಗಿದೆ, ಗೆಡ್ಡೆ 4 ಸೆಂ.ಮೀ. ಒಳಗೆ, ಹೊರಗೆ ಉಬ್ಬಿದೆ ಅಂದ್ರೆ ಯಾವ ಕ್ಲ್ಯಾಂಪ್ ಪದ್ಧತಿ ಆದ್ರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ, ತೆಳು ಅಂಚು ಹಗುರ ಹೊಲಿಗೆ ಇದ್ರೆ ಸಾಕು, ಸರ್ಜನ್‌ಗೆ ಯಾವುದು ಕೈಗೆ ಹತ್ತಿದ್ಯೋ ಅದನ್ನೇ ಮಾಡ್ಲಿ. ಎರಡು ಕಿಡ್ನಿ ಇದ್ದು ಗೆಡ್ಡೆ ಒಳಗೆ ಹುದುಗಿದೆ ಅಂದ್ರೆ ಪೂರ್ತಿ ಕ್ಲ್ಯಾಂಪ್, ಬೇಗ ಬಿಡೋದು. ಇ-ಜಿಎಫ್‌ಆರ್ ಮೊದಲೇ 60ರ ಕೆಳಗಿದ್ರೆ, ಅಥವಾ ಶುಗರ್ ಇದ್ದು ಮೂತ್ರದಲ್ಲಿ ಆಲ್ಬುಮಿನ್ ಹೋಗ್ತಿದ್ರೆ, ಸೆಲೆಕ್ಟಿವ್ ಅಥವಾ ಆಫ್-ಕ್ಲ್ಯಾಂಪ್ ಆಗತ್ತಾ ಅಂತ ಗಂಭೀರವಾಗಿ ಚರ್ಚೆ ಮಾಡಿ, ಇಂಥ ಕಿಡ್ನಿ ರಕ್ತ ಇಲ್ದೇ ಇರೋದನ್ನ ತಡ್ಕೊಳ್ಳೋದು ಕಮ್ಮಿ, ಕಿಡ್ನಿ ಕಾಯಿಲೆಗೆ ಔಷಧಿ ಕೊಡೋ ತಜ್ಞ ನೆಫ್ರಾಲಜಿಸ್ಟ್‌ನ ಸರ್ಜರಿಗೆ ಮುಂಚೇನೇ ಭೇಟಿ ಮಾಡಿ. ಒಂದೇ ಕಿಡ್ನಿ ಇದ್ದೋರು ಇಂಥದ್ದನ್ನ ನಿಯಮಿತವಾಗಿ ಮಾಡೋ ಸೆಂಟರ್‌ಗೇ ಹೋಗಿ, ಸ್ವಲ್ಪ ದೂರ ಆದ್ರೂ ಪರ್ವಾಗಿಲ್ಲ, ಅಲ್ಲಿ ಆಫ್-ಕ್ಲ್ಯಾಂಪ್, ಸೆಲೆಕ್ಟಿವ್, ತಂಪು ಮಾಡೋದು, ಓಪನ್ ಇವೆಲ್ಲಾ ಕೈಯಲ್ಲಿರೋ ತಂಡ ಸಿಗ್ಬೇಕು. ಗೆಡ್ಡೆ ಎಷ್ಟು ಕಷ್ಟದ್ದು ಅಂತ ಅಳೆಯೋಕೆ ರೀನಲ್ ಸ್ಕೋರ್, ಪಡುವಾ ಸ್ಕೋರ್ ಅಂತಿವೆ, ನಿಮ್ಮದು ಎಷ್ಟು ಅಂತ ಕೇಳಿ ಬರ್ಕೊಳ್ಳಿ, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ತಗೊಳ್ಳೋವಾಗ ಬೇಕಾಗತ್ತೆ.

ಸರ್ಜರಿ ಆದ ಮೇಲೆ ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ಎಲ್ಲ ಸರಿ ಇದೆ ಅಂದ್ಕೋಬೇಡಿ, ಇನ್ನೊಂದು ಕಿಡ್ನಿ ಹೆಚ್ಚು ಕೆಲಸ ಮಾಡಿ ನಷ್ಟವನ್ನ ಮುಚ್ಚಿಹಾಕತ್ತೆ. ಆಪರೇಷನ್ ಆದ ಕಿಡ್ನಿ ಸರಾಸರಿ ಸುಮಾರು 20% ಕೆಲಸ ಕಳ್ಕೊಳ್ಳತ್ತೆ, ಎರಡೂ ಸೇರಿ ನೋಡಿದ್ರೆ ಅದು ಸುಮಾರು 10% ಅಷ್ಟೇ ಕಾಣತ್ತೆ. ಯಾವ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಬೇರೆ ಬೇರೆ ಹೇಳೋದು ಡಿಟಿಪಿಎ ಅಥವಾ ಡಿಎಂಎಸ್‌ಎ ಸ್ಕ್ಯಾನು, ಸರ್ಜರಿಗೆ ಮುಂಚೆ ಒಂದು, ಆಮೇಲೆ ಮೂರರಿಂದ ಆರು ತಿಂಗಳಲ್ಲಿ ಒಂದು ಇದ್ರೆ ಹೋಲಿಸಿ ನೋಡ್ಬಹುದು. ಮನೆಗೆ ಬಂದು ಒಂದೆರಡು ವಾರ ಆದ ಮೇಲೂ ಇದ್ದಕ್ಕಿದ್ದ ಹಾಗೆ ಮೂತ್ರ ಕೆಂಪಾದ್ರೆ, ಹೆಪ್ಪುಗಟ್ಟಿದ ರಕ್ತ ಬಂದ್ರೆ, ತಲೆ ಸುತ್ತಿ ಬೀಳೋ ಹಾಗಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಕತ್ತರಿಸಿದ ಜಾಗದಲ್ಲಿ ರಕ್ತನಾಳ ಉಬ್ಬಿ ಒಡೆಯೋ ಸೂಡೋಅನ್ಯೂರಿಸಮ್ ಇರ್ಬಹುದು, ಅಪರೂಪ, ಆದ್ರೆ ಬರೋದು ಹೀಗೇನೇ. ಸರ್ಜರಿ ಮಾಡಿದ ಆಸ್ಪತ್ರೆಗೇ ಅಥವಾ ಆಂಜಿಯೋ ಸೌಲಭ್ಯ ಇರೋ ಕಡೆಗೆ ತಕ್ಷಣ ಹೋಗಿ, ತೊಡೆ ಅಥವಾ ಕೈಯಿಂದ ಸಣ್ಣ ಟ್ಯೂಬ್ ಹಾಕಿ ಆ ಒಂದು ಸಣ್ಣ ಕವಲನ್ನ ಮಾತ್ರ ಮುಚ್ಚಿದ್ರೆ ಉಳಿದ ಕಿಡ್ನಿ ಹಾಗೇ ಉಳಿಯತ್ತೆ.